ಗಾಳದ ಮೊನೆ ಉಗುರಿಗೆ ಕಚ್ಚಬೇಕು

ಭಾನುವಾರ ಬಂತೆಂದರೆ ನಾನು ಗಂಗೊಳ್ಳಿ ಅಳಿವೆಯ ಕಲ್ಲುದಂಡೆಯ ಮೇಲೆ ಗಾಳ ಹಿಡಿದು ಕೂತಿರುತ್ತೇನೆ. ಸೌಪರ್ಣಿಕಾ, ವಾರಾಹಿ, ಚಕ್ರಾ, ಕುಬ್ಜಾ, ಖೇಟಾ ಐದೂ ಹೊಳೆಗಳು ಸೇರಿ ಕಡಲಿಗೆ ಬೀಳುವ ಜಾಗ ಅದು. ಕಲ್ಲಿನ ಸಂದಿಯಲ್ಲಿ ಕೆಂಬೇರಿ ಮೀನು ಹೊಂಚು ಹಾಕಿರುತ್ತದೆ.

ಒಂದು ಸಂಜೆ ನೀರು ಏರುವ ಹೊತ್ತಿಗೆ ಚಟ್ಲಿ (ಸಿಗಡಿ) ಚುಚ್ಚಿ ಬಿಟ್ಟಿದ್ದ ಗಾಳವನ್ನು ಒಳ್ಳೇ ಮೀನೊಂದು ಎಳೆಯಿತು. ರಾಡ್ ಬಾಗಿತು. ಎರಡು ಸಲ ದಾರ ಬಿಟ್ಟೆ. ಆಮೇಲೆ ಎಲ್ಲಾ ಸಡಿಲ. ಎತ್ತಿ ನೋಡಿದರೆ ದಾರ ಹರಿದಿಲ್ಲ, ಗಂಟು ಬಿಚ್ಚಿಲ್ಲ. ಗಾಳದ ಮೊನೆ ಮಾತ್ರ ಮೊಂಡಾಗಿ ಒಂದು ಪಕ್ಕಕ್ಕೆ ಸುರುಟಿಕೊಂಡಿತ್ತು. ಮೀನಿನ ದವಡೆಗೆ ಅದು ಇಳಿದೇ ಇರಲಿಲ್ಲ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಮೊನೆ ಹಾಳಾಗುವುದು ಮೀನಿನಿಂದ ಕಡಿಮೆ, ಕಲ್ಲಿನಿಂದ ಜಾಸ್ತಿ. ಹಾಗಾಗಿ ಈಗ ಗಾಳ ಕಲ್ಲಿಗೆ ಸಿಕ್ಕಿ ಬಿಡಿಸಿಕೊಂಡಾಗೆಲ್ಲಾ ಉಗುರಿನ ಮೇಲೆ ಪರೀಕ್ಷೆ ಮಾಡುತ್ತೇನೆ. ಹೆಬ್ಬೆರಳ ಉಗುರಿನ ಮೇಲೆ ಮೊನೆ ಇಟ್ಟು, ಭಾರ ಹಾಕದೆ ಮೆಲ್ಲಗೆ ಎಳೆಯಬೇಕು. ಜಾರಿದರೆ ಮೊಂಡು. ಅಲ್ಲೇ ಕಚ್ಚಿಕೊಂಡು ಸಣ್ಣ ಬಿಳಿ ಗೀರು ಬಿದ್ದರೆ ಸರಿ.

ಮಸೆಯಲು ದೊಡ್ಡ ಸಾಮಾನು ಬೇಡ. ನನ್ನ ಹತ್ತಿರ ಇರುವುದು ಒಂದು ಸಣ್ಣ ನಯವಾದ ಅರ, ಐಸ್‌ಕ್ರೀಂ ಕಡ್ಡಿಗೆ ಅಂಟಿಸಿದ 600 ನಂಬರಿನ ಎಮರಿ ಕಾಗದ, ಮತ್ತು ಒಂದು ಇಕ್ಕಳ. ಗಾಳದ ಬಾಗನ್ನು ಇಕ್ಕಳದಲ್ಲಿ ಗಟ್ಟಿಯಾಗಿ ಹಿಡಿಯುತ್ತೇನೆ, ಬೆರಳಲ್ಲಿ ಹಿಡಿದು ಮಸೆಯುವ ಸಾಹಸ ಬೇಡವೇ ಬೇಡ. ಅಡ್ಡಮುಳ್ಳಿನ (ಮೊನೆಯ ಕೆಳಗೆ ಹಿಮ್ಮುಖವಾಗಿರುವ ಸಣ್ಣ ಮುಳ್ಳು) ಕಡೆಯಿಂದ ಮೊನೆಯ ಕಡೆಗೆ, ಒಂದೇ ದಿಕ್ಕಿನಲ್ಲಿ ಅರ ಎಳೆಯಬೇಕು. ಎಡಕ್ಕೆ ನಾಲ್ಕು, ಬಲಕ್ಕೆ ನಾಲ್ಕು, ಕೊನೆಗೆ ಹೊರಬದಿಗೆ ಎರಡು. ಹೀಗೆ ಮಾಡಿದರೆ ಮೊನೆಗೆ ಮೂರು ಮುಖ ಬರುತ್ತದೆ, ಆ ಅಂಚುಗಳು ಕೊಯ್ಯುತ್ತಾ ಒಳಗೆ ಇಳಿಯುತ್ತವೆ. ತುದಿಯಲ್ಲಿ ಉಳಿದ ಸಣ್ಣ ಸಿಬಿರನ್ನು ಎಮರಿಯಿಂದ ತೆಗೆಯುತ್ತೇನೆ.

ಶುರುವಿನಲ್ಲಿ ನಾನು ಮಾಡಿದ ತಪ್ಪು, ಸೂಜಿಯ ಹಾಗೆ ಉದ್ದಕ್ಕೆ ಸಪೂರ ಮಾಡಿದ್ದು. ಉಗುರಿಗೆ ಚೆನ್ನಾಗಿ ಕಚ್ಚಿತು, ಆದರೆ ಮೀನಿನ ಎಲುಬು ತಾಗಿದ್ದೇ ತುದಿ ಮಡಚಿಹೋಯಿತು. ಮೊನೆ ಗಿಡ್ಡವಾಗಿರಲಿ, ಗಟ್ಟಿಯಾಗಿರಲಿ. ಈಗ ಸಿಗುವ ಕೆಮಿಕಲ್ ಶಾರ್ಪನ್ (ರಾಸಾಯನಿಕದಿಂದ ಮೊನೆ ಚೂಪು ಮಾಡಿದ) ಗಾಳಗಳಿಗೆ ಹೊಸತರಲ್ಲಿ ಅರ ಹಾಕಲೇಬೇಡಿ. ಅವುಗಳ ಮೊನೆ ನಾವು ಮಾಡುವುದಕ್ಕಿಂತ ಚೂಪು.

ಅರ ಹಾಕಿದ ಕಡೆ ಮೇಲಿನ ಲೇಪ ಹೋಗುತ್ತದೆ, ತುಕ್ಕು ಶುರುವಾಗುವುದು ಅಲ್ಲಿಂದಲೇ. ಉಪ್ಪುನೀರು ತಾಗಿದ ಗಾಳ ಒಂದನ್ನು ಹಾಗೇ ಡಬ್ಬಿಗೆ ಹಾಕಿದ್ದಕ್ಕೆ ಒಂದೇ ಮಳೆಗಾಲದಲ್ಲಿ ಡಬ್ಬಿಯಲ್ಲಿದ್ದ ಎಲ್ಲವೂ ಕೆಂಪಾಗಿದ್ದವು. ಈಗ ಮನೆಗೆ ಬಂದ ಕೂಡಲೇ ಸಿಹಿನೀರಲ್ಲಿ ತೊಳೆದು, ಬಟ್ಟೆಯ ಮೇಲೆ ಹರಡಿ ಒಣಗಿಸಿ, ಒಂದು ಹನಿ ತೆಂಗಿನೆಣ್ಣೆ ಸವರಿ ಇಡುತ್ತೇನೆ. ಮಾತ್ರೆ ಬಾಟಲಿಯಲ್ಲಿ ಬರುವ ಸಿಲಿಕಾ ಜೆಲ್ ಪೊಟ್ಟಣ ಎಸೆಯಬೇಡಿ, ಡಬ್ಬಿಯೊಳಗೆ ಹಾಕಿ. ಮೇಲ್ಮೈ ತುಕ್ಕು ಎಮರಿಗೆ ಹೋಗುತ್ತದೆ. ಗುಂಡಿ ಬಿದ್ದಿದ್ದರೆ ಆ ಗಾಳವನ್ನು ನಂಬಬೇಡಿ, ಬಾಗಿನಲ್ಲೇ ಮುರಿಯುತ್ತದೆ.

ಅಂಥವನ್ನು ದಂಡೆಯಲ್ಲಿ ಬಿಡಬೇಡಿ. ಅಲ್ಲಿ ಬರಿಗಾಲಲ್ಲಿ ಓಡಾಡುವ ಮಕ್ಕಳಿದ್ದಾರೆ, ನಾಯಿಗಳಿವೆ. ನಾನು ಇಕ್ಕಳದಲ್ಲಿ ಮೊನೆ ಕತ್ತರಿಸಿ, ಮುಚ್ಚಳ ಇರುವ ಒಂದು ಬಾಟಲಿಗೆ ಹಾಕಿ ಮನೆಗೆ ತರುತ್ತೇನೆ.