ಹುಡುಕಿದ್ದು ನಿಮ್ಮಲ್ಲೇ ಉಳಿಯಲಿ: ಸರ್ಕ್ಸ್‌ಎನ್‌ಜಿ ಬಳಸುವುದು ಹೇಗೆ?

ಅಮ್ಮನ ಮಂಡಿನೋವಿಗೆ ಶಸ್ತ್ರಚಿಕಿತ್ಸೆ ಬೇಕಾದೀತೇ ಎಂದು ಒಂದು ರಾತ್ರಿ ಮೊಬೈಲಿನಲ್ಲಿ ಹುಡುಕಿದೆ. ಮರುದಿನದಿಂದ ಯಾವ ಪುಟ ತೆರೆದರೂ ಮುಲಾಮು, ಮಂಡಿಪಟ್ಟಿ, ಆಸ್ಪತ್ರೆಗಳ ಜಾಹೀರಾತು. ಮನೆಯವರ ಮುಂದೆಯೂ ಬಾಯಿಬಿಡದ ಆತಂಕವನ್ನು ನಾವು ಹುಡುಕುಪೆಟ್ಟಿಗೆಯಲ್ಲಿ ಬರೆಯುತ್ತೇವೆ. ಅದು ಮಾರಾಟದ ಸರಕಾಗುವುದು ನನಗೆ ಸಹಿಸಲಾಗಲಿಲ್ಲ. ಹಾಗಾಗಿ ಸರ್ಕ್ಸ್‌ಎನ್‌ಜಿ (SearXNG) ಎಂಬ ಹುಡುಕು ತಂತ್ರಾಂಶಕ್ಕೆ ಬಂದೆ.

ಇದು ತಾನಾಗಿ ಜಾಲವನ್ನು ಜಾಲಾಡುವುದಿಲ್ಲ. ನಿಮ್ಮ ಪ್ರಶ್ನೆಯನ್ನು ಗೂಗಲ್, ಬಿಂಗ್, ವಿಕಿಪೀಡಿಯದಂಥ ಹತ್ತಾರು ತಾಣಗಳಿಗೆ ಒಯ್ದು, ಉತ್ತರಗಳನ್ನು ಒಟ್ಟುಮಾಡಿ ತರುತ್ತದೆ. ಕೇಳಿದವರು ಯಾರೆಂದು ಆ ತಾಣಗಳಿಗೆ ತಿಳಿಯದು. ಅವಕ್ಕೆ ಕಾಣುವುದು ನಡುವೆ ನಿಂತ ಸರ್ವರಿನ, ಅಂದರೆ ಈ ತಂತ್ರಾಂಶ ಓಡುವ ಕಂಪ್ಯೂಟರಿನ, ಐಪಿ ವಿಳಾಸ (ಜಾಲದಲ್ಲಿ ಅದನ್ನು ಗುರುತಿಸುವ ಸಂಖ್ಯೆ) ಮಾತ್ರ. ಸರ್ಕ್ಸ್ ಎಂಬ ಹಳೆಯ ತಂತ್ರಾಂಶದಿಂದ 2021ರಲ್ಲಿ ಕವಲೊಡೆದ ಇದು ಮುಕ್ತ ತಂತ್ರಾಂಶ. ಒಳಗೇನಿದೆ ಎಂದು ಯಾರು ಬೇಕಾದರೂ ತೆರೆದು ನೋಡಬಹುದು.

ಮೊದಲ ಹೆಜ್ಜೆ ಸರ್ವರ್ ಆರಿಸುವುದು. ಇಲ್ಲಿ ಅವಸರ ಬೇಡ. ಸರ್ಕ್ಸ್‌ಎನ್‌ಜಿಗೆ ಒಂದೇ ಮುಖ್ಯ ತಾಣವಿಲ್ಲ. ಬೇರೆ ಬೇರೆ ದೇಶಗಳ ಉತ್ಸಾಹಿಗಳು ತಮ್ಮ ಸರ್ವರುಗಳಲ್ಲಿ ಇದನ್ನು ನಡೆಸುತ್ತಾರೆ. ಅವುಗಳ ಪಟ್ಟಿ ‘ಸರ್ಕ್ಸ್ ಡಾಟ್ ಸ್ಪೇಸ್’ ತಾಣದಲ್ಲಿದೆ (ಎಸ್, ಇ, ಎ, ಆರ್, ಎಕ್ಸ್ ಎಂದು ಅಕ್ಷರ ಜೋಡಿಸಿ). ದೇಶ, ಆವೃತ್ತಿ, ಉತ್ತರಿಸುವ ವೇಗ, ಎಷ್ಟು ಹೊತ್ತು ಚಾಲೂ ಇರುತ್ತದೆ ಎಂಬುದೆಲ್ಲ ಅಲ್ಲಿ ಸಿಗುತ್ತದೆ. ಹೊಸ ಆವೃತ್ತಿ ಇರುವ, ತಂತ್ರಾಂಶದ ಮೂಲ ಸಂಕೇತವನ್ನು (ಸೋರ್ಸ್ ಕೋಡ್) ತಿದ್ದದ ಸರ್ವರನ್ನೇ ಹಿಡಿಯಿರಿ. ಒಂದು ಮಾತು ಮರೆಯಬೇಡಿ: ಸರ್ವರ್ ನಡೆಸುವವರು ಮನಸ್ಸು ಮಾಡಿದರೆ ನಿಮ್ಮ ಪ್ರಶ್ನೆಯನ್ನು ನೋಡಬಲ್ಲರು. ಅವರು ಯಾರು, ಏನು ನಿಯಮ ಬರೆದುಕೊಂಡಿದ್ದಾರೆ ಎಂದು ಓದಿಯೇ ಮುಂದುವರಿಯಿರಿ.

ಫೈರ್‌ಫಾಕ್ಸ್ ಬ್ರೌಸರ್ ಇದ್ದರೆ ನೀವು ಆರಿಸಿದ ಸರ್ವರಿನ ಪುಟ ತೆರೆದು, ವಿಳಾಸಪಟ್ಟಿಯ ಮೇಲೆ ಮೌಸಿನ ಬಲಗುಂಡಿ ಒತ್ತಿ ಸೇರಿಸಿಕೊಳ್ಳಿ. ಸೆಟ್ಟಿಂಗ್ಸ್‌ನಲ್ಲಿ ಅದನ್ನೇ ಮುಖ್ಯ ಹುಡುಕುತಾಣ ಮಾಡಿ.

ಬಳಿಕ ಆ ಸರ್ವರಿನ ತಾಣದಲ್ಲೇ ಇರುವ ಪ್ರಿಫರೆನ್ಸಸ್ (ಆಯ್ಕೆಗಳ) ಪುಟ. ಪ್ರಶ್ನೆ ಕಳಿಸುವ ವಿಧಾನ ‘ಪೋಸ್ಟ್’ ಇರಲಿ; ಆಗ ಹುಡುಕಿದ ಪದ ಪುಟದ ವಿಳಾಸದೊಳಗೆ ಸೇರುವುದಿಲ್ಲ. ಇಮೇಜ್ ಪ್ರಾಕ್ಸಿ ಚಾಲೂ ಮಾಡಿದರೆ ಫಲಿತಾಂಶದ ಚಿತ್ರಗಳೂ ಸರ್ವರಿನ ಮೂಲಕವೇ ಬರುತ್ತವೆ. ಬೇಡದ ಹುಡುಕುತಾಣಗಳನ್ನು ಪಟ್ಟಿಯಿಂದ ತೆಗೆಯಿರಿ. ಈ ಆಯ್ಕೆಗಳೆಲ್ಲ ನಿಮ್ಮ ಬ್ರೌಸರಿನ ಕುಕಿಯಲ್ಲಿ (ತಾಣವು ಬ್ರೌಸರಿನಲ್ಲಿ ಇಡುವ ಪುಟ್ಟ ಟಿಪ್ಪಣಿ) ಉಳಿಯುವುದರಿಂದ ಕುಕಿ ಅಳಿಸಿದರೆ ಅವೂ ಹೋಗುತ್ತವೆ.

ಇನ್ನು ನನಗೆ ಬಹಳ ಹಿಡಿಸಿದ ಸೌಲಭ್ಯ. ವಿಸರ್ಗದಂತೆ ಕಾಣುವ ಎರಡು ಚುಕ್ಕಿ (ಇಂಗ್ಲಿಷಿನ ಕೋಲನ್) ಹಾಕಿ, ಅದಕ್ಕೆ ಅಂಟಿಸಿ ಇಂಗ್ಲಿಷಿನ ಕೆ, ಎನ್ ಅಕ್ಷರ ಬರೆದರೆ ಹುಡುಕಾಟದ ಭಾಷೆ ಕನ್ನಡವಾಗುತ್ತದೆ. ಜಾಗ ಬಿಟ್ಟು, ಆಶ್ಚರ್ಯಸೂಚಕಕ್ಕೆ ಡಬ್ಲ್ಯು, ಪಿ ಅಂಟಿಸಿದರೆ ವಿಕಿಪೀಡಿಯದಲ್ಲಿ ಮಾತ್ರ ಹುಡುಕುತ್ತದೆ. ಎರಡನ್ನೂ ಬರೆದು ಮುಂದೆ ‘ಹಲಸು’ ಎನ್ನಿ. ಕನ್ನಡ ವಿಕಿಪೀಡಿಯವೇ ಎದುರಿಗೆ ಬರುತ್ತದೆ. ಪ್ರತಿ ಫಲಿತಾಂಶದ ಕೆಳಗೆ ಅದು ಯಾವ ಯಾವ ತಾಣದಿಂದ ಬಂತೆಂದೂ ಬರೆದಿರುತ್ತದೆ.

ಕೆಲವೊಮ್ಮೆ ಗೂಗಲ್ ಉತ್ತರಿಸಲಿಲ್ಲ ಎಂಬ ಸೂಚನೆ ಕಾಣುತ್ತದೆ. ಒಂದೇ ವಿಳಾಸದಿಂದ ವಿಪರೀತ ಪ್ರಶ್ನೆ ಹೋದಾಗ ದೊಡ್ಡ ತಾಣಗಳು ಬಾಗಿಲು ಹಾಕಿಕೊಳ್ಳುತ್ತವೆ. ಉಳಿದವು ಸಾಮಾನ್ಯವಾಗಿ ಉತ್ತರ ತರುತ್ತವೆ; ಸಾಲದಿದ್ದರೆ ಇನ್ನೊಂದು ಸರ್ವರಿಗೆ ಹೋಗಿ. ಫಲಿತಾಂಶದ ಕೊಂಡಿ ಒತ್ತಿದ ಮೇಲೆ ಮಾತ್ರ ಆ ತಾಣಕ್ಕೆ ನಿಮ್ಮ ವಿಳಾಸ ಕಾಣುತ್ತದೆ.

ಲಿನಕ್ಸ್ ಬಲ್ಲವರು ಡಾಕರ್ (ತಂತ್ರಾಂಶವನ್ನು ಬೇಕಾದುದೆಲ್ಲದರ ಜೊತೆ ಕಟ್ಟಿ ಓಡಿಸುವ ಸಾಧನ) ಬಳಸಿ ಸ್ವಂತ ಸರ್ವರನ್ನೇ ಹೂಡಬಹುದು. ಆದರೆ ಅದನ್ನು ನೀವೊಬ್ಬರೇ ಬಳಸಿದರೆ ಆ ಐಪಿ ವಿಳಾಸದ ಪ್ರಶ್ನೆಗಳೆಲ್ಲ ನಿಮ್ಮವೇ ಎಂದಾಗುತ್ತದೆ. ಮನೆಯವರನ್ನೂ ನಾಲ್ಕು ಗೆಳೆಯರನ್ನೂ ಸೇರಿಸಿಕೊಳ್ಳಿ.