ಕೆ ರೈಲಿನ ನಡುವಿನ ಬರ್ತ್: ಕಡಿಮೆ ದುಡ್ಡಲ್ಲಿ ಚೀನಾ ಸುತ್ತಿದ ಬಗೆ

ಚೀನಾ ಅಂದ ಕೂಡಲೇ ಎಲ್ಲರೂ ಬುಲೆಟ್ ರೈಲಿನ ಮಾತೇ ಆಡುತ್ತಾರೆ. ಗಂಟೆಗೆ 350 ಕಿ.ಮೀ. ವೇಗ, ಟೇಬಲ್ ಮೇಲೆ ನಿಲ್ಲಿಸಿದ ನಾಣ್ಯ ಬೀಳುವುದಿಲ್ಲ, ಇತ್ಯಾದಿ. ಅದೆಲ್ಲ ನಿಜ. ಆದರೆ ಬೀಜಿಂಗಿನಿಂದ ಶಿಆನ್‌ಗೆ ಬುಲೆಟ್ ರೈಲಿನ ಸೆಕೆಂಡ್ ಕ್ಲಾಸ್ ಟಿಕೆಟ್ಟಿಗೆ 500 ಯುವಾನ್ ದಾಟುತ್ತದೆ. ಒಂದು ಯುವಾನ್ ಅಂದರೆ ಸುಮಾರು 12 ರೂಪಾಯಿ. ಅದೇ ಊರಿಗೆ ರಾತ್ರಿ ಹೊರಟು ಬೆಳಿಗ್ಗೆ ಮುಟ್ಟುವ ಹಳೇ ರೈಲಿನಲ್ಲಿ ಮಲಗಿಕೊಂಡು ಹೋದರೆ ಸುಮಾರು 270, ಕೂತು ಹೋದರೆ ಸುಮಾರು 150. ಮಲಗಿ ಹೋದವರಿಗೆ ಆ ರಾತ್ರಿಯ ಹಾಸ್ಟೆಲ್ ಬಾಡಿಗೆಯೂ ಉಳಿಯಿತು. ನನ್ನ ಇಡೀ ಪ್ರವಾಸ ನಿಂತಿದ್ದು ಈ ಒಂದು ಲೆಕ್ಕದ ಮೇಲೆ.

ಹೋದ ದಾರಿ ಹೀಗಿತ್ತು. ಬೆಂಗಳೂರಿನಿಂದ ಕೌಲಾಲಂಪುರ, ಅಲ್ಲಿಂದ ಗುವಾಂಗ್‌ಝೌ, ಎರಡೂ ಅಗ್ಗದ ವಿಮಾನ. ಆಮೇಲೆ ಪೂರ್ತಿ ರೈಲು: ಗುಯಿಲಿನ್, ಕುನ್‌ಮಿಂಗ್, ಲಿಯಾಂಗ್‌ಶಾನ್ ಬೆಟ್ಟಗಳು, ಚೆಂಗ್ಡು, ಶಿಆನ್, ಬೀಜಿಂಗ್, ಮತ್ತೆ ಗುವಾಂಗ್‌ಝೌ. ನಾನು ಹೋದಾಗ ಭಾರತದಿಂದ ಚೀನಾಕ್ಕೆ ನೇರ ವಿಮಾನ ಇರಲಿಲ್ಲ. 2025ರ ಅಕ್ಟೋಬರ್ ಕೊನೆಗೆ ಕೋಲ್ಕತ್ತಾ–ಗುವಾಂಗ್‌ಝೌ ವಿಮಾನ ಮತ್ತೆ ಶುರುವಾಗಿದೆ. ಈಗ ಹೋಗುವವರು ಎರಡೂ ದಾರಿಯ ಬೆಲೆ ನೋಡಿ. ಭಾರತೀಯರಿಗೆ ಮೊದಲೇ ವೀಸಾ ಬೇಕು. ಅದಕ್ಕೆ ಹೋಗಿಬರುವ ಟಿಕೆಟ್, ಉಳಿಯುವ ಜಾಗ, ಸುತ್ತಾಡುವ ಪಟ್ಟಿ ಎಲ್ಲ ಕೇಳುತ್ತಾರೆ. ದುಡ್ಡು ಕೊಡದೆ ರದ್ದು ಮಾಡಬಹುದಾದ ಹಾಸ್ಟೆಲ್ ಬುಕಿಂಗ್‌ಗಳನ್ನೇ ಕೊಟ್ಟೆ, ನಡೆಯಿತು.

ರೈಲಿನ ನಂಬರ್ ಓದುವುದನ್ನು ಕಲಿತರೆ ಅರ್ಧ ಕೆಲಸ ಮುಗಿಯಿತು. ಜಿ, ಡಿ, ಸಿ ಅಕ್ಷರದಿಂದ ಶುರುವಾದರೆ ವೇಗದ ರೈಲು, ದುಬಾರಿ. ಝಡ್, ಟಿ, ಕೆ ಅಂದರೆ ಹಳೇ ಹಳಿಯ ಮೇಲಿನ ಸಾಧಾರಣ ರೈಲು. ಇವುಗಳಲ್ಲಿ ಝಡ್ ಜೋರು, ಕೆ ನಿಧಾನ. ಅಕ್ಷರವೇ ಇಲ್ಲದೆ ಬರೀ ನಾಲ್ಕು ಅಂಕಿ ಇದ್ದರೆ ಅದು ಎಲ್ಲಾ ಸಣ್ಣ ಸ್ಟೇಷನ್ನಿನಲ್ಲೂ ನಿಲ್ಲುವ ಬಡವರ ರೈಲು. ನಾನು ಹೆಚ್ಚಾಗಿ ಹತ್ತಿದ್ದು ಕೆ ಮತ್ತು ಝಡ್.

ಇನ್ನು ಒಳಗಿನ ಕ್ಲಾಸು. ಹಾರ್ಡ್ ಸೀಟ್, ಹಾರ್ಡ್ ಸ್ಲೀಪರ್, ಸಾಫ್ಟ್ ಸ್ಲೀಪರ್ ಅಂತ ಇವೆ. ಹಾರ್ಡ್ ಅಂದಾಕ್ಷಣ ಬರೀ ಹಲಗೆ ಅಂದುಕೊಳ್ಳಬೇಡಿ. ಹಾರ್ಡ್ ಸ್ಲೀಪರ್‌ನಲ್ಲಿ ಹಾಸಿಗೆ, ದಿಂಬು, ಹೊದಿಕೆ ಎಲ್ಲ ಟಿಕೆಟ್ಟಿನಲ್ಲೇ ಸೇರಿದೆ. ನಮ್ಮ ಥರ್ಡ್ ಎಸಿ ತರಹವೇ ಒಂದೊಂದು ಕಡೆ ಮೂರು ಬರ್ತ್, ಬಾಗಿಲು ಇಲ್ಲ. ಆದರೆ ಸೈಡ್ ಬರ್ತ್ ಇಲ್ಲ. ಆ ಜಾಗದಲ್ಲಿ ಕಿಟಕಿ ಪಕ್ಕ ಮಡಚುವ ಪುಟ್ಟ ಸೀಟು, ಒಂದು ಸಣ್ಣ ಟೇಬಲ್. ಬರ್ತ್‌ಗಳು ಹಗಲಲ್ಲೂ ಹಾಗೇ ಇರುತ್ತವೆ, ಮಡಚುವ ಗಲಾಟೆಯೇ ಇಲ್ಲ.

ಯಾವ ಬರ್ತ್ ತಗೋಬೇಕು ಅನ್ನುವುದರಲ್ಲಿ ನನಗೆ ಗಟ್ಟಿ ಅಭಿಪ್ರಾಯ ಇದೆ. ಮೇಲಿನದು ಎಲ್ಲಕ್ಕಿಂತ ಅಗ್ಗ, ಕೆಳಗಿನದು ದುಬಾರಿ. ಮೇಲಿನದರಲ್ಲಿ ನೆಟ್ಟಗೆ ಕೂರಲು ಆಗುವುದಿಲ್ಲ, ಛಾವಣಿ ಹಣೆಗೆ ತಾಗುತ್ತದೆ. ಕೆಳಗಿನದರ ಮೇಲೆ ಹಗಲೆಲ್ಲ ಬೇರೆಯವರು ಬಂದು ಕೂತು ಸೂರ್ಯಕಾಂತಿ ಬೀಜ ತಿನ್ನುತ್ತಾರೆ. ಎದ್ದೇಳಿ ಅನ್ನೋಕೆ ಮನಸ್ಸು ಬರಲ್ಲ. ನಡುವಿನದೇ ಸರಿ. ಬೇಕೆನಿಸಿದಾಗ ಮಲಗಬಹುದು, ಯಾರೂ ಬಂದು ಕೂರುವುದಿಲ್ಲ, ಒರಗಿಕೊಂಡು ಕಿಟಕಿಯಾಚೆ ನೋಡಬಹುದು. ರಾತ್ರಿ ಹತ್ತಕ್ಕೆ ದೀಪ ಆರಿಸುತ್ತಾರೆ. ಇದು ನನಗೆ ತುಂಬಾ ಹಿಡಿಸಿತು. ನಡುರಾತ್ರಿ ಹತ್ತಿದವರೂ ಲೈಟ್ ಹಾಕುವ ಹಾಗಿಲ್ಲ. ಗೊರಕೆಗೆ ಮಾತ್ರ ಯಾವ ಕಾನೂನೂ ಇಲ್ಲ.

ಹಾರ್ಡ್ ಸೀಟಿನಲ್ಲಿ ಐದಾರು ಗಂಟೆ ಹಗಲು ಪ್ರಯಾಣ ಚೆನ್ನಾಗಿರುತ್ತದೆ. ರಾತ್ರಿ ಬೇಡ. ಬೆನ್ನು ನೆಟ್ಟಗಿನ ಸೀಟು, ದೀಪ ಆರಿಸುವುದಿಲ್ಲ, ಕಾಲಿಡಲು ಜಾಗ ಇರುವುದಿಲ್ಲ. ಸೀಟು ಮುಗಿದ ಮೇಲೂ 'ಸೀಟಿಲ್ಲ' ಅನ್ನುವ ಟಿಕೆಟ್ ಕೊಡುತ್ತಾರೆ, ಅದರ ಬೆಲೆ ಹಾರ್ಡ್ ಸೀಟಿನಷ್ಟೇ. ಅಂಥ ಟಿಕೆಟ್ಟಿನವರು ಮಡಚುವ ಪುಟ್ಟ ಸ್ಟೂಲ್ ತಂದು ಬೋಗಿಗಳು ಸೇರುವ ಜಾಗದಲ್ಲಿ ಕೂರುತ್ತಾರೆ. ಸಿಗರೇಟು ಸೇದುವವರೂ ಅಲ್ಲಿಗೇ ಬರುತ್ತಾರೆ ಅನ್ನುವುದು ನೆನಪಿರಲಿ. ಸ್ಲೀಪರ್ ಸಿಗದೆ ಹಾರ್ಡ್ ಸೀಟಿನಲ್ಲೇ ಹತ್ತಬೇಕಾಗಿ ಬಂದರೆ ಒಂದು ಉಪಾಯ ಇದೆ. ಹತ್ತಿದ ಕೂಡಲೇ ರೈಲಿನ ಒಳಗೇ ಟಿಕೆಟ್ ಬದಲಿಸಿಕೊಡುವ ಸಿಬ್ಬಂದಿಯನ್ನು ಹುಡುಕಿ ಕೇಳಿ. ಮುಂದಿನ ಸ್ಟೇಷನ್ನಿನಿಂದ ಬರ್ತ್ ಖಾಲಿ ಇದ್ದರೆ ವ್ಯತ್ಯಾಸದ ಹಣ ತಗೊಂಡು ಕೊಡುತ್ತಾರೆ. ನನಗೆ ಹೀಗೆ ಬರ್ತ್ ಸಿಕ್ಕಿದೆ. ಅಲ್ಲಿ ನಮ್ಮೂರಿನ ಹಾಗೆ ಕೈಬಿಸಿ ಮಾಡುವ ಮಾತೇ ಇಲ್ಲ, ರಸೀತಿ ಬರುತ್ತದೆ.

ಟಿಕೆಟ್ ತಗೊಂಡಿದ್ದು 12306 ಅನ್ನುವ ಸರ್ಕಾರಿ ರೈಲ್ವೆ ಆ್ಯಪ್‌ನಲ್ಲಿ. ಅದಕ್ಕೆ ಇಂಗ್ಲಿಷ್ ರೂಪವೂ ಇದೆ. ಪಾಸ್‌ಪೋರ್ಟ್ ವಿವರ ಹಾಕಿ ಅವರು ಒಪ್ಪಿಗೆ ಕೊಡುವ ತನಕ ಟಿಕೆಟ್ ತಗೊಳ್ಳಲು ಆಗುವುದಿಲ್ಲ. ಹಾಗಾಗಿ ಮನೆಯಲ್ಲಿದ್ದಾಗಲೇ ಮಾಡಿಟ್ಟುಕೊಳ್ಳಿ. ಬೇರೆ ಪ್ರವಾಸಿ ಆ್ಯಪ್‌ಗಳಲ್ಲಿ ಬುಕ್ ಮಾಡುವುದು ಸುಲಭ, ಆದರೆ ಮೇಲೆ ಕಮಿಷನ್ ಬೀಳುತ್ತದೆ. ಟಿಕೆಟ್ಟುಗಳು ಸಾಮಾನ್ಯವಾಗಿ 15 ದಿನ ಮುಂಚೆ ಬಿಡುಗಡೆ ಆಗುತ್ತವೆ. ನಮ್ಮಲ್ಲಿ ಎರಡು ತಿಂಗಳು ಮುಂಚೆ ಬುಕ್ ಮಾಡಿ ಅಭ್ಯಾಸ, ಅಲ್ವಾ? ಇಲ್ಲಿ ಹದಿನೈದೇ ದಿನ ಅಂದರೆ ಮೊದಮೊದಲು ಕೈಕಾಲು ಆಡುವುದಿಲ್ಲ. ಆದರೆ ನನ್ನಂತೆ ಊರು ಹಿಡಿಸಿದರೆ ಒಂದು ದಿನ ಜಾಸ್ತಿ ಇರುವವರಿಗೆ ಅದೇ ಅನುಕೂಲ. ಕಾಗದದ ಟಿಕೆಟ್ ಬೇಕಿಲ್ಲ, ಪಾಸ್‌ಪೋರ್ಟೇ ಟಿಕೆಟ್. ಕೆಲವು ಗೇಟುಗಳು ಪಾಸ್‌ಪೋರ್ಟ್ ಓದುವುದಿಲ್ಲ. ಆಗ ಪಕ್ಕದಲ್ಲಿ ಸಿಬ್ಬಂದಿ ನಿಂತಿರುವ ಗೇಟಿಗೆ ಹೋದರಾಯಿತು.

ಸ್ಟೇಷನ್ನಿಗೆ ಒಂದು ಗಂಟೆ ಮೊದಲೇ ಹೋಗಿ. ಚೀಲ ಎಕ್ಸ್‌ರೇಗೆ ಹೋಗುತ್ತದೆ, ಹಣ್ಣು ಕತ್ತರಿಸುವ ಚಾಕು ಕೂಡ ತೆಗೆದಿಟ್ಟುಕೊಳ್ಳುತ್ತಾರೆ. ರೈಲು ಹೊರಡುವ ಕೆಲವು ನಿಮಿಷ ಮೊದಲೇ ಗೇಟ್ ಮುಚ್ಚುತ್ತಾರೆ. ಓಡಿಬಂದು ಹತ್ತುವ ನಮ್ಮ ಕಲೆ ಅಲ್ಲಿ ಉಪಯೋಗಕ್ಕೆ ಬರುವುದಿಲ್ಲ. ಇನ್ನೊಂದು ಮಾತು: ದೊಡ್ಡ ಊರುಗಳಲ್ಲಿ ನಾಲ್ಕೈದು ಸ್ಟೇಷನ್ ಇರುತ್ತವೆ. ಬೀಜಿಂಗ್, ಬೀಜಿಂಗ್ ಪಶ್ಚಿಮ, ಬೀಜಿಂಗ್ ದಕ್ಷಿಣ ಎಲ್ಲ ಬೇರೆ ಬೇರೆ, ನಡುವೆ ಮೆಟ್ರೋದಲ್ಲಿ ಅರ್ಧ ಮುಕ್ಕಾಲು ಗಂಟೆ. ಹಳೇ ರೈಲಿಗೆ ಇಲ್ಲೂ ಒಂದು ಲಾಭ ಇದೆ. ಬುಲೆಟ್ ರೈಲಿನ ಸ್ಟೇಷನ್ನುಗಳು ಸಾಮಾನ್ಯವಾಗಿ ಊರಾಚೆ. ಹಳೇ ಸ್ಟೇಷನ್ ಊರ ನಡುವೆ. ಶಿಆನ್‌ನ ಹಳೇ ಸ್ಟೇಷನ್ನಿನಿಂದ ಹೊರಗೆ ಬಂದರೆ ಎದುರಿಗೇ ಕೋಟೆ ಗೋಡೆ.

ಈಗ ನನಗೆ ಎಲ್ಲಕ್ಕಿಂತ ಇಷ್ಟವಾದ ರೈಲಿನ ವಿಷಯ. ಚೆಂಗ್ಡು ಮತ್ತು ಕುನ್‌ಮಿಂಗ್ ನಡುವಿನ ಹಳೇ ಹಳಿ 1970ರಲ್ಲಿ ಶುರುವಾಗಿದ್ದು. ಉದ್ದ ಹತ್ತಿರ ಹತ್ತಿರ 1,100 ಕಿ.ಮೀ. ಸುರಂಗಗಳೇ 400ಕ್ಕೂ ಹೆಚ್ಚು, ಸೇತುವೆಗಳು ಸಾವಿರದ ಹತ್ತಿರ. ಈ ದಾರಿಯ ಲಿಯಾಂಗ್‌ಶಾನ್ ಬೆಟ್ಟಗಳಲ್ಲಿ ಯೀ ಅನ್ನುವ ಸಮುದಾಯದ ಜನ ವಾಸವಾಗಿದ್ದಾರೆ. ಅವರಿಗಾಗಿಯೇ ಪುಶಿಯೊಂಗ್ ಮತ್ತು ಪಾನ್‌ಝಿಹುವಾ ನಡುವೆ 5633 ಮತ್ತು 5634 ಅನ್ನುವ ಜೋಡಿ ರೈಲು ಓಡುತ್ತದೆ. ಸುಮಾರು 350 ಕಿ.ಮೀ. ದಾರಿ. ಕಡಿಮೆ ಟಿಕೆಟ್ 2 ಯುವಾನ್. ಈ ತುದಿಯಿಂದ ಆ ತುದಿಗೆ ಹೋದರೂ 30 ಯುವಾನ್ ದಾಟುವುದಿಲ್ಲ. ಎಷ್ಟೋ ವರ್ಷದಿಂದ ದರ ಏರಿಸಿಲ್ಲ.

ನಾನು ಪಾನ್‌ಝಿಹುವಾ ಕಡೆಯಿಂದ ಹತ್ತಿದೆ. ಮೊದಲು ಬೋಗಿ ಅರ್ಧ ಖಾಲಿ. ಸ್ಟೇಷನ್ ಒಂದೊಂದೇ ಹೋದ ಹಾಗೆ ತುಂಬುತ್ತಾ ಬಂತು. ಬೆನ್ನಿಗೆ ಬುಟ್ಟಿ ಕಟ್ಟಿಕೊಂಡು ತರಕಾರಿ ಮಾರಲು ಹೊರಟ ಹೆಂಗಸರು, ಕೋಳಿ, ಬಾತು, ಆಲೂಗಡ್ಡೆ ಚೀಲ, ಶಾಲೆಯಿಂದ ಮನೆಗೆ ಹೊರಟ ಮಕ್ಕಳು. ಮೇಕೆ, ಹಂದಿಗಳಿಗೆ ಬೇರೆ ಬೋಗಿಯೇ ಇದೆ. ಮಕ್ಕಳು ಪುಸ್ತಕ ಬಿಡಿಸಿ ಹೋಂವರ್ಕ್ ಮಾಡುತ್ತಿದ್ದರು. ಕಂಡಕ್ಟರ್ ಹೆಂಗಸು ಪೊರಕೆ ಹಿಡಿದು ಬಂದವಳು ನನ್ನ ಕಾಲು ಎತ್ತಿಸಿ ಗುಡಿಸಿ, ಪಕ್ಕದ ಅಜ್ಜಿಯ ಬುಟ್ಟಿಯನ್ನು ಒಳಗೆ ತಳ್ಳಿ, ಇಬ್ಬರಿಗೂ ಸೇರಿಸಿ ಬೈದು ಹೋದಳು. ಏನು ಬೈದಳೋ ಗೊತ್ತಿಲ್ಲ. ಅಜ್ಜಿ ನಕ್ಕು ನನ್ನ ಕೈಗೆ ಒಂದು ಬೇಯಿಸಿದ ಆಲೂಗಡ್ಡೆ ಇಟ್ಟಳು.

ಶೀಚಾಂಗ್‌ನಲ್ಲಿ ಒಂದು ರಾತ್ರಿ ಇಳಿದು ಉಳಿದೆ. ಚೀನಾದ ಉಪಗ್ರಹ ಉಡಾವಣಾ ಕೇಂದ್ರ ಇರುವ ಪ್ರದೇಶ ಇದು. ಅಲ್ಲಿ ಕೆಂಡದ ಮೇಲೆ ಸುಟ್ಟ ಆಲೂಗಡ್ಡೆಗೆ ಒಣಮೆಣಸಿನ ಪುಡಿ ಹಚ್ಚಿ ಕೊಡುತ್ತಾರೆ. ಮೊಟ್ಟೆ ತಿನ್ನುವ ಸಸ್ಯಾಹಾರಿಯಾದ ನನಗೆ ಅದು ಹಬ್ಬದೂಟ. ಮರುದಿನ ಮತ್ತೆ ಅದೇ ರೈಲು ಹತ್ತಿದೆ. ಶೀದೆ ಸ್ಟೇಷನ್ ದಾಟಿದ ಮೇಲೆ ಹಳಿ ಬೆಟ್ಟಕ್ಕೆ ಸುತ್ತು ಹಾಕುತ್ತಾ ಏರುತ್ತದೆ. ಸ್ವಲ್ಪ ಹೊತ್ತಿನ ಹಿಂದೆ ಬಂದ ಹಳಿ ಕೆಳಗೆ ಕಾಣಿಸುತ್ತದೆ. ಆಮೇಲೆ ಶಾಮುಲಾದಾ ಸುರಂಗ, ಆರು ಕಿ.ಮೀ.ಗೂ ಉದ್ದ. ಇಷ್ಟಕ್ಕೆಲ್ಲ ನಾನು ಕೊಟ್ಟ ದುಡ್ಡಿನಲ್ಲಿ ಬೆಂಗಳೂರಿನ ಒಳ್ಳೆ ಕೆಫೆಯಲ್ಲಿ ಎರಡು ಕಾಫಿ ಬರುವುದಿಲ್ಲ.

ಚೆಂಗ್ಡುವಿನಿಂದ ಶಿಆನ್‌ಗೆ 2017ರ ಡಿಸೆಂಬರ್‌ನಲ್ಲಿ ಬುಲೆಟ್ ಮಾರ್ಗ ತೆರೆಯಿತು. ಮೂರು ನಾಲ್ಕು ಗಂಟೆಯಲ್ಲಿ ಮುಟ್ಟಿಸುತ್ತದೆ. ಬೆಟ್ಟದ ಭಾಗದಲ್ಲಿ ಅದರ ಹೆಚ್ಚಿನ ದಾರಿ ಸುರಂಗದೊಳಗೆ, ಕಿಟಕಿಯಲ್ಲಿ ನಿಮ್ಮ ಮುಖ ಬಿಟ್ಟು ಇನ್ನೇನೂ ಕಾಣಲ್ಲ. ನಾನು ಬಾವೋಜಿ ಊರಿನ ಮೇಲೆ ಹೋಗುವ ಹಳೇ ದಾರಿಯ ಕೆ ರೈಲು ಹಿಡಿದೆ. ಚೀನಾದಲ್ಲಿ ಮೊದಲು ವಿದ್ಯುತ್ ಬಂದ ರೈಲು ಮಾರ್ಗ ಇದು. ಚಿನ್‌ಲಿಂಗ್ ಬೆಟ್ಟದ ಏರು ಹಬೆ ಎಂಜಿನ್‌ಗೆ ಕಷ್ಟವಾಗುತ್ತಿತ್ತು ಅಂತ 1961ರಲ್ಲಿ ಮೊದಲ ತುಂಡಿಗೆ ತಂತಿ ಎಳೆದರು, 1975ಕ್ಕೆ ಪೂರ್ತಿ ಮುಗಿಯಿತು. ಒಂದೇ ಕೊರತೆ ಅಂದರೆ ರಾತ್ರಿ ರೈಲು ಹಿಡಿದರೆ ಆ ಘಟ್ಟದ ನೋಟ ತಪ್ಪುತ್ತದೆ. ಟೈಂಟೇಬಲ್ ನೋಡಿ ಬೆಟ್ಟದ ಭಾಗಕ್ಕೆ ಹಗಲು ಬರುವ ರೈಲನ್ನೇ ಆರಿಸಿ.

ಊಟದ ವಿಷಯ ಕೇಳದವರಿಲ್ಲ. ಪ್ರತಿ ಬೋಗಿಯಲ್ಲೂ ಕುದಿಯುವ ನೀರಿನ ನಲ್ಲಿ ಇರುತ್ತದೆ, ಹಗಲೂ ರಾತ್ರಿ, ಪುಕ್ಕಟೆ. ಇಡೀ ಚೀನಾ ಇದರ ಮೇಲೆ ಪ್ರಯಾಣ ಮಾಡುತ್ತದೆ. ಎಲ್ಲರ ಕೈಯಲ್ಲೂ ಒಂದು ಫ್ಲಾಸ್ಕ್, ಒಂದು ಡಬ್ಬಿ ನೂಡಲ್ಸ್. ನಾನು ಊರಿಂದ ಅವಲಕ್ಕಿ, ಚಟ್ನಿಪುಡಿ, ನೀರು ಹಾಕಿದರೆ ಆಗುವ ಉಪ್ಪಿಟ್ಟಿನ ಪೊಟ್ಟಣ ಒಯ್ದಿದ್ದೆ. ಉಪ್ಪಿಟ್ಟಿನ ಒಗ್ಗರಣೆ ವಾಸನೆಗೆ ಪಕ್ಕದ ಬರ್ತಿನವರೆಲ್ಲ ಬಗ್ಗಿ ನೋಡಿದರು. ಕೊಟ್ಟೆ. ಒಬ್ಬರು ಚಟ್ನಿಪುಡಿಯನ್ನು ತಮ್ಮ ನೂಡಲ್ಸಿಗೇ ಸುರಿದುಕೊಂಡರು. ನಾನು ಭಾರತದವನು ಅಂದ ಕೂಡಲೇ ಬರುವ ಮೊದಲ ಮಾತು ಆಮೀರ್ ಖಾನ್. ಅಲ್ಲಿಂದ ಫೋನಿನ ಅನುವಾದದ ಆ್ಯಪ್ ಮೂಲಕ ಸಂಬಳ, ಮದುವೆ, ಮನೆ ಬೆಲೆ ತನಕ ಮಾತು ಹೋಗುತ್ತದೆ.

ರೈಲಿನಾಚೆ ಸಸ್ಯಾಹಾರ ಸಿಗುತ್ತದೆ, ಹುಡುಕಬೇಕು ಅಷ್ಟೇ. ಟೊಮೆಟೊ ಮೊಟ್ಟೆ ಪಲ್ಯ ಎಲ್ಲಾ ಸಣ್ಣ ಹೋಟೆಲಿನಲ್ಲೂ ಇದೆ. ಬದನೆ, ಆಲೂಗಡ್ಡೆ, ದೊಣ್ಣೆಮೆಣಸು ಸೇರಿಸಿ ಹುರಿಯುವ ಒಂದು ಪಲ್ಯ ಅನ್ನಕ್ಕೆ ಬಹಳ ಚೆನ್ನಾಗಿರುತ್ತದೆ. ಶಿಆನ್‌ನಲ್ಲಿ ಖಾರದೆಣ್ಣೆ ಹಾಕಿದ ಲಿಯಾಂಗ್‌ಪಿ ಅನ್ನುವ ತಣ್ಣನೆಯ ನೂಡಲ್ಸ್ ಇದೆ. ಮಾಂಸ, ಮಾಂಸದ ಸಾರು, ಹಂದಿ ಕೊಬ್ಬು ಬೇಡ ಅಂತ ಚೀನೀ ಭಾಷೆಯಲ್ಲಿ ಬರೆಸಿದ ಚಿತ್ರ ಫೋನಿನಲ್ಲಿ ಇಟ್ಟುಕೊಂಡಿದ್ದೆ. ತೋರಿಸಿದರೆ ಸಾಕು. ಬರೀ 'ಮಾಂಸ ಬೇಡ' ಅಂದರೆ ತುಂಡು ತೆಗೆದು ಸಾರು ಹಾಗೇ ಕೊಡುತ್ತಾರೆ.

ಹಣಕ್ಕೆ ಅಲಿಪೇ ಅನ್ನುವ ಪಾವತಿ ಆ್ಯಪ್ ಸಾಕು. ಊರಲ್ಲಿದ್ದಾಗಲೇ ಕಾರ್ಡ್ ಸೇರಿಸಿ, ಬ್ಯಾಂಕಿನಲ್ಲಿ ವಿದೇಶಿ ಬಳಕೆ ಆನ್ ಮಾಡಿಸಿ. ಒಂದು ಸಲಕ್ಕೆ 200 ಯುವಾನ್ ಒಳಗಿದ್ದರೆ ಹೆಚ್ಚುವರಿ ಶುಲ್ಕ ಇಲ್ಲ, ದಾಟಿದರೆ 3 ಶೇಕಡಾ. ಗೂಗಲ್, ವಾಟ್ಸಾಪ್ ಅಲ್ಲಿ ನಡೆಯುವುದಿಲ್ಲ. ನಾನು ಹೊರದೇಶದ ಇ-ಸಿಮ್ ಹಾಕಿಕೊಂಡಿದ್ದೆ, ಅದರಲ್ಲಿ ನಡೆಯಿತು. ಹಾಸ್ಟೆಲ್ ಬರ್ತ್ 50ರಿಂದ 80 ಯುವಾನ್. ಒಟ್ಟಿನಲ್ಲಿ ರೈಲೂ ಸೇರಿ ದಿನಕ್ಕೆ ಸರಾಸರಿ 200 ಯುವಾನ್ ಒಳಗೆ ಇರಬೇಕು ಅಂತ ಗೆರೆ ಎಳೆದಿದ್ದೆ. ಗೆರೆ ದಾಟಿಸಿದ್ದು ರೈಲಲ್ಲ, ಪ್ರವೇಶ ಟಿಕೆಟ್ಟುಗಳು. ಶಿಆನ್‌ನ ಮಣ್ಣಿನ ಸೈನಿಕರ ಪುರಾತನ ಮೂರ್ತಿಗಳನ್ನು ನೋಡಲು 120, ಬೀಜಿಂಗ್ ಅರಮನೆಗೆ ಸೀಸನ್‌ನಲ್ಲಿ 60. ಅರಮನೆಗೆ ಪಾಸ್‌ಪೋರ್ಟ್ ನಂಬರ್ ಕೊಟ್ಟು ಮೊದಲೇ ಬುಕ್ ಮಾಡಬೇಕು, ಸೋಮವಾರ ಸಾಮಾನ್ಯವಾಗಿ ರಜೆ.

ಟಿಬೆಟ್ ಯಾಕೆ ಹೋಗಲಿಲ್ಲ ಅಂತ ತುಂಬಾ ಜನ ಕೇಳಿದರು. ಶಿನಿಂಗ್‌ನಿಂದ ಲಾಸಾಗೆ ರೈಲು ಇದೆ, 5,072 ಮೀಟರ್ ಎತ್ತರದ ತಂಗುಲಾ ಕಣಿವೆ ದಾಟುತ್ತದೆ. ಆದರೆ ವಿದೇಶಿಯರು ಏಜೆನ್ಸಿ ಮೂಲಕ ಪರವಾನಗಿ ತಗೊಂಡು ಗೈಡ್ ಜೊತೆಗೇ ಹೋಗಬೇಕು. ಅಷ್ಟು ದುಡ್ಡಿಗೆ ನನ್ನ ಉಳಿದ ಪ್ರವಾಸವೇ ಆಗುತ್ತದೆ.

ಬೀಜಿಂಗಿನಿಂದ ಗುವಾಂಗ್‌ಝೌಗೆ ವಾಪಸ್ ಬರುವಾಗ ಸ್ವಲ್ಪ ಆಸೆ ಆಯಿತು, ಒಂದು ಸಲವಾದರೂ ಬುಲೆಟ್ ಹತ್ತೋಣ ಅಂತ. 2,298 ಕಿ.ಮೀ., ಎಂಟು ಗಂಟೆಯ ಆಸುಪಾಸು, 860 ಯುವಾನ್‌ಗೂ ಮೇಲೆ. ಝಡ್ ರೈಲಿನ ಹಾರ್ಡ್ ಸ್ಲೀಪರ್ 430 ಆಸುಪಾಸು, ಇಪ್ಪತ್ತೊಂದು ಇಪ್ಪತ್ತೆರಡು ಗಂಟೆ. ಹಾಸ್ಟೆಲ್ ಬಾಡಿಗೆ ಕಳೆದು ನೋಡಿದರೆ ವ್ಯತ್ಯಾಸ ಇನ್ನೂ ಜಾಸ್ತಿ. ಝಡ್ ಹತ್ತಿದೆ. ಬುಲೆಟ್ ಆಸೆ ಇರುವವರು ಗುವಾಂಗ್‌ಝೌ–ಗುಯಿಲಿನ್ ತರಹದ ಚಿಕ್ಕ ದಾರಿಯಲ್ಲಿ ತೀರಿಸಿಕೊಳ್ಳಿ, ಅಲ್ಲಿ ಎರಡು ಮೂರು ಗಂಟೆಯ ಕೆಲಸ. ದಿನಾಂಕ ಆರಿಸುವಾಗ ಮಾತ್ರ ಎಚ್ಚರ: ಅಕ್ಟೋಬರ್ ಮೊದಲ ವಾರದ ರಾಷ್ಟ್ರೀಯ ರಜೆ, ಮತ್ತು ಜನವರಿ–ಫೆಬ್ರವರಿಯ ಚೀನೀ ಹೊಸ ವರ್ಷದ ಹಿಂದುಮುಂದಿನ ವಾರಗಳು. ಆಗ ಇಡೀ ದೇಶವೇ ಊರಿಗೆ ಹೊರಟಿರುತ್ತದೆ, ಸ್ಲೀಪರ್ ಟಿಕೆಟ್ ಬಿಡುಗಡೆಯಾದ ನಿಮಿಷಗಳಲ್ಲೇ ಖಾಲಿ.