ಇವತ್ತೇ ಕೊಳ್ಳುವವರು ಏನಂತ ಹುಡುಕ್ತಾರೆ?

ವಿಜಯಪುರ ಜಿಲ್ಲೆಯಲ್ಲಿ ತಿಕೋಟಾ ಕಡೆ ಹೋದರೆ ದ್ರಾಕ್ಷಿ, ಸಿಂದಗಿ ಕಡೆ ಹೋದರೆ ತೊಗರಿ. ಎರಡಕ್ಕೂ ಔಷಧಿ ಹೊಡೆಯಲೇಬೇಕು. ನನ್ನ ಅಫಿಲಿಯೇಟ್ ಸೈಟ್ (ಬೇರೆಯವರ ಸಾಮಾನಿಗೆ ಲಿಂಕ್ ಕೊಟ್ಟು, ಮಾರಾಟವಾದರೆ ಕಮಿಷನ್ ಪಡೆಯುವ ತಾಣ) ನಡೆಯುವುದು ಇದರ ಮೇಲೆಯೇ: ಔಷಧಿ ಹೊಡೆಯುವ ಬ್ಯಾಟರಿ ಪಂಪು, ಅದರ ಬಿಡಿಭಾಗ, ಚಾಟ್ನಿ ಮಾಡುವ, ಅಂದರೆ ದ್ರಾಕ್ಷಿ ಬಳ್ಳಿ ಸವರುವ ಕತ್ತರಿ, ರಾತ್ರಿ ನೀರು ಹಾಯಿಸಲು ಹೋಗುವವರಿಗೆ ಹೆಡ್‌ಲ್ಯಾಂಪ್. ಕೀವರ್ಡ್ (ಜನ ಗೂಗಲ್‌ನಲ್ಲಿ ಹುಡುಕುವ ಮಾತು) ಹೆಂಗ ಆರಿಸ್ತೀರಿ ಎಂದು ಕೇಳುವ ಹುಡುಗರಿಗೆ ಮೊದಲು ಕಮಿಷನ್ ನಿಯಮ ಓದ್ರಿ ಅಂತೀನಿ.

ನಮ್ಮ ಲಿಂಕ್ ಒತ್ತಿ ಅಮೆಜಾನ್‌ಗೆ ಹೋದವರು 24 ಗಂಟೆಯೊಳಗೆ ಕೊಂಡರೆ, ಇಲ್ಲವೇ ಅಷ್ಟರೊಳಗೆ ಕಾರ್ಟ್‌ಗಾದರೂ ಹಾಕಿಟ್ಟು ಆಮೇಲೆ ಕೊಂಡರೆ ನಮಗೆ ಕಮಿಷನ್. ನಾಲ್ಕು ದಿನ ಯೋಚಿಸಿ, ಮನೆಯಲ್ಲಿ ಕೇಳಿ, ಆಮೇಲೆ ತಾವಾಗಿಯೇ ಹೋಗಿ ಕೊಂಡರೆ ನಮಗೆ ಏನೂ ಇಲ್ಲ. ಕೀವರ್ಡ್ ಆಯ್ಕೆಗೆ ನನ್ನ ಅಳತೆಗೋಲು ಇದೊಂದೇ: ಇದನ್ನು ಹುಡುಕುವವನು ಇವತ್ತು ದುಡ್ಡು ಕೊಡುತ್ತಾನೋ ಇಲ್ಲವೋ?

'ಸ್ಪ್ರೇಯರ್ ಸಬ್ಸಿಡಿ' ಎಂದು ಹುಡುಕುವವರು ಬಹಳ. ಆದರೆ ಅವರು ರೈತ ಸಂಪರ್ಕ ಕೇಂದ್ರಕ್ಕೆ ಅರ್ಜಿ ಹಾಕಲು ಹೊರಟವರು, ಆನ್‌ಲೈನ್‌ನಲ್ಲಿ ಪೂರ್ತಿ ದರ ಯಾಕೆ ಕೊಟ್ಟಾರು? ಬರೀ 'ಬ್ಯಾಟರಿ ಸ್ಪ್ರೇಯರ್' ಎಂದರೆ ಅಲ್ಲಿ ಕಂಪನಿಗಳೂ ದೊಡ್ಡ ಮಾರಾಟ ತಾಣಗಳೂ ಕುಂತಿರುತ್ತವೆ, ನಮ್ಮಂಥವರಿಗೆ ಮೊದಲ ಪುಟ ಸಿಗುವುದಿಲ್ಲ. ಎರಡನ್ನೂ ಬಿಟ್ಟೆ.

ಕೆಲಸಕ್ಕೆ ಬರುವ ಕೀವರ್ಡ್ ನನಗೆ ಹೆಚ್ಚು ಸಿಕ್ಕಿದ್ದು ನಮ್ಮ ಮಾವನ ಆಗ್ರೋ ಅಂಗಡಿಯಲ್ಲಿ. ಅಲ್ಲಿ ಸುಮ್ಮನೆ ಕುಂತು, ಗಿರಾಕಿ ಅಂದದ್ದನ್ನು ಅಂದಹಾಗೇ ಮೊಬೈಲ್‌ನಲ್ಲಿ ಬರೆದುಕೊಳ್ಳುತ್ತೇನೆ. ಒಬ್ಬ ಹಿರಿಯರು ಪಂಪನ್ನು ಬೆನ್ನಿಂದ ಇಳಿಸಿ, "ಬರೇ ಸೌಂಡ್ ಬರ್ತೈತೋ ತಮ್ಮಾ, ನೀರ ಬರವಲ್ದು" ಅಂದರು. "ಜಾಳಗಿ ತೊಳದೀರೇನ್ರಿ ಕಾಕಾ?" ಅಂತ ಮಾವ ಕೇಳಿದ. ಜಾಳಗಿ ಎಂದರೆ ನೀರು ಸೋಸುವ ಜಾಲರಿ. ತೊಳೆದಿದ್ದರು. ಹಾಗಾದರೆ ಒಳಗಿನ ವಾಲ್ವ್ ಇಲ್ಲವೇ ಡಯಾಫ್ರಾಮ್ (ನೀರು ತಳ್ಳುವ ರಬ್ಬರ್ ಪದರ) ಹೋಗಿರಬೇಕು. 12 ವೋಲ್ಟಿನ ಆ ಸಣ್ಣ ಮೋಟಾರ್ ಪಂಪನ್ನೇ ಬದಲಿಸುವುದು ಸಲೀಸು.

'ಬ್ಯಾಟರಿ ಪಂಪ್ ಸೌಂಡ್ ಬರುತ್ತೆ ನೀರು ಬರಲ್ಲ'. ಇದು ನನ್ನ ಪ್ರಕಾರ ಚಿನ್ನದಂಥ ಕೀವರ್ಡ್. ಹುಡುಕುವವರು ಕಡಿಮೆ, ಆದರೆ ಹುಡುಕುವವನ ಹೊಲದಲ್ಲಿ ಆಗಲೇ ಹುಳ ಬಿದ್ದಿದೆ, ಆತ ನಾಳೆಯವರೆಗೆ ಕಾಯುವುದಿಲ್ಲ. ಪುಟದಲ್ಲಿ ಮೊದಲು ಜಾಳಗಿ ತೊಳೆಯುವುದನ್ನೇ ಬರೆದಿದ್ದೇನೆ. ಅಷ್ಟರಲ್ಲೇ ಸರಿಹೋಗಿ ಏನೂ ಕೊಳ್ಳದೆ ಹೋಗುವವರು ಇದ್ದಾರೆ, ಹೋಗಲಿ. ಸರಿಹೋಗದವರು ಕೆಳಗಿನ ಲಿಂಕ್ ನಂಬಿ ಒತ್ತುತ್ತಾರೆ. ಲಿಂಕಿನಿಂದ ನಮಗೆ ಕಮಿಷನ್ ಬರುತ್ತದೆ ಎಂದೂ ಅಲ್ಲೇ ಬರೆಯಬೇಕು, ಅದು ನಿಯಮ.

ಬ್ಯಾಟರಿ ಬಗ್ಗೆ '8 ಆ್ಯಂಪಿಯರ್ ಚಲೋನೋ 12 ಆ್ಯಂಪಿಯರ್ ಚಲೋನೋ' ಎಂಬಂಥ ಹೋಲಿಕೆಯ ಪ್ರಶ್ನೆಗಳೂ ಹೀಗೇ. ಅಷ್ಟು ಕೇಳುವವನು ಕೊಳ್ಳುವುದನ್ನು ಆಗಲೇ ನಿರ್ಧರಿಸಿರುತ್ತಾನೆ, ಯಾವುದು ಎಂಬುದಷ್ಟೇ ಬಾಕಿ.

ಒಂದು ಮಾತನ್ನು ತಿಂಗಳಿಗೆ ಎಷ್ಟು ಸಲ ಹುಡುಕುತ್ತಾರೆ ಎಂದು ತಿಳಿಯಲು ಗೂಗಲ್ ಕೀವರ್ಡ್ ಪ್ಲಾನರ್ ಬಳಸುತ್ತೇನೆ, ಆದರೆ ಎಚ್ಚರದಿಂದ. ಜಾಹೀರಾತಿಗೆ ದುಡ್ಡು ಹಾಕದ ಖಾತೆಗೆ ಅದು ನಿಖರ ಸಂಖ್ಯೆ ತೋರಿಸುವುದಿಲ್ಲ, 'ನೂರರಿಂದ ಸಾವಿರ' ಎಂಬಂಥ ಅಂದಾಜು ಕೊಟ್ಟು ಸುಮ್ಮನಾಗುತ್ತದೆ. ಅದರಲ್ಲಿರುವ ಕಾಂಪಿಟಿಷನ್ ಕಾಲಂ ನೋಡಿ 'ಲೋ ಐತಿ, ಸಲೀಸಾಗಿ ಮೇಲೆ ಬರಬಹುದು' ಎಂದುಕೊಳ್ಳುವವರು ಬಹಳ. ಆ ಕಾಲಂ ಹೇಳುವುದು ಜಾಹೀರಾತುದಾರರ ಪೈಪೋಟಿಯನ್ನು. ಸರ್ಚ್‌ನಲ್ಲಿ ನಮ್ಮ ಪುಟ ಮೇಲೆ ಬರುವುದಕ್ಕೂ ಅದಕ್ಕೂ ಸಂಬಂಧವಿಲ್ಲ. ಅದನ್ನು ತಿಳಿಯಲು ಕೀವರ್ಡನ್ನು ನೀವೇ ಹುಡುಕಿ, ಮೊದಲ ಪುಟದಲ್ಲಿ ಯಾರಿದ್ದಾರೆ ನೋಡಬೇಕು. ಹಳೆಯ ವಿಡಿಯೊ, ಅರೆಬರೆ ಉತ್ತರಗಳಷ್ಟೇ ಇದ್ದರೆ ನಮಗೆ ಜಾಗ ಇದೆ ಎಂದರ್ಥ. ಕನ್ನಡ ಲಿಪಿಯಲ್ಲಿ ಒಮ್ಮೆ, ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಟೈಪ್ ಮಾಡಿ ಒಮ್ಮೆ ಹುಡುಕಿ. ಬರುವ ಪುಟಗಳು ಬೇರೆ ಬೇರೆ.

ಪುಟ ಹಾಕಿದ ಮೇಲೆ, ಅದು ಯಾವ ಹುಡುಕಾಟಕ್ಕೆ ಕಾಣುತ್ತಿದೆ ಎಂದು ತೋರಿಸುವ ಗೂಗಲ್‌ನ ಸರ್ಚ್ ಕನ್ಸೋಲ್ ಬೇಕು. ಅದರಲ್ಲಿ 16 ತಿಂಗಳ ಲೆಕ್ಕ ಸಿಗುತ್ತದೆ. ಇಂಪ್ರೆಷನ್ ಬಂದು (ಅಂದರೆ ಹುಡುಕಾಟದಲ್ಲಿ ಪುಟ ಕಂಡು) ಕ್ಲಿಕ್ ಬಾರದ, ಸರಾಸರಿ ಸ್ಥಾನ ಹತ್ತರ ಆಚೀಚೆ ಇರುವ ಪ್ರಶ್ನೆಗಳನ್ನು ಹೆಕ್ಕಿ, ಅದೇ ಮಾತುಗಳಲ್ಲಿ ಉಪಶೀರ್ಷಿಕೆ ಕೊಟ್ಟು ಉತ್ತರ ಬರೆಯುತ್ತೇನೆ. ಚಾರ್ಜರ್ ಪಿನ್ ಬಗ್ಗೆ ಜನ ಇಷ್ಟು ತಲೆ ಕೆಡಿಸಿಕೊಳ್ಳುತ್ತಾರೆಂದು ಗೊತ್ತಾಗಿದ್ದು ಅಲ್ಲಿಯೇ.

ಇನ್ನು ಹಂಗಾಮು. ದ್ರಾಕ್ಷಿಗೆ ಅಕ್ಟೋಬರ್ ಚಾಟ್ನಿ ಇದೆ ಎಂದು ಅಕ್ಟೋಬರ್‌ನಲ್ಲಿ ಕತ್ತರಿಯ ಪುಟ ಹಾಕಿದರೆ, ಅದು ಗೂಗಲ್‌ನಲ್ಲಿ ಮೇಲೇರುವಷ್ಟರಲ್ಲಿ ತೋಟದ ಕೆಲಸ ಮುಗಿದಿರುತ್ತದೆ. ನಾನು ಕತ್ತರಿ ಪುಟವನ್ನು ಜೂನ್-ಜುಲೈಗೇ ಹಾಕಿಬಿಡುತ್ತೇನೆ. ತೊಗರಿ ಹೂವಿಗೆ ಬರುವ ಕಾಲದ ಪಂಪಿನ ಪುಟಗಳನ್ನೂ ಅದೇ ಹೊತ್ತಿಗೆ ತಿದ್ದಿ ಇಡುತ್ತೇನೆ. ಹೆಡ್‌ಲ್ಯಾಂಪಿಗೆ ಈ ತಾಪತ್ರಯವಿಲ್ಲ, ತ್ರೀ ಫೇಸ್ ಕರೆಂಟ್ ರಾತ್ರಿ ಕೊಡುವವರೆಗೂ ಅದಕ್ಕೆ ವರ್ಷವಿಡೀ ಗಿರಾಕಿ.